ಕಪ್ಪು ಗಾಡಿ, ಹಸಿರು ಕಾಗದ

ಫೆಬ್ರವರಿ 4

ಮೇಸ್ತ್ರಿ ಅಣ್ಣನವರಿಗೆ ನಮಸ್ಕಾರ.

ನಾನು ಹೊಲಿಗೆ ಯಂತ್ರ ರಿಪೇರಿಯವರ ಹೆಂಡತಿ. ನೀವು ಊರು ಬಿಟ್ಟ ದಿನ ನಿಮ್ಮ ಹಾಸಿಗೆ ಸುರುಳಿಗೆ ಹಗ್ಗ ಬಿಗಿದು ಕೊಟ್ಟವಳು. ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕಾರ್ಖಾನೆಯ ಲೇತ್ ಯಂತ್ರದ ಸದ್ದಿನಲ್ಲಿ ನಿಮ್ಮ ಕಿವಿ ಹೋಗಿದೆ, ಫೋನು ಕೇಳಿಸುವುದಿಲ್ಲ ಎಂದು ಗೊತ್ತು. ಈ ವಿಳಾಸ ನಿಮ್ಮದೊಂದು ಹಳೆಯ ಲಕೋಟೆಯ ಹಿಂದೆ ಸಿಕ್ಕಿತು.

ನೀವು ಇವರಿಗೆ ಕೊಟ್ಟು ಹೋದ ಸ್ಕೂಟರು ಕಳುವಾಗಿದೆ. ಹೋದ ಸೋಮವಾರ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೊರಟಾಗ ಮೆಟ್ಟಿಲ ಪಕ್ಕ ನಿಂತಿತ್ತು. ನಾನೀಗ ಅಲ್ಲಿ ಬಟ್ಟೆ ವಿಭಾಗದಲ್ಲಿ ಹರಿದ ಹಾಸು ಹೊದಿಕೆಗಳಿಗೆ ತೇಪೆ ಹಾಕುತ್ತೇನೆ. ನಾಲ್ಕು ಗಂಟೆಗೆ ಮನೆಗೆ ಬಂದರೆ ನೆಲದ ಮೇಲೆ ಎಣ್ಣೆಯ ಕಲೆ ಮಾತ್ರ ಇತ್ತು.

ಅವತ್ತೇ ಠಾಣೆಗೆ ಹೋದೆ. ದೂರು ಬರೆದುಕೊಳ್ಳುವವರನ್ನು ಅಲ್ಲಿ ಎಲ್ಲರೂ ರೈಟರ್ ಎನ್ನುತ್ತಾರೆ. ಅವರು ಗಾಡಿಯ ಕಾಗದ ನೋಡಿ, ಇದರಲ್ಲಿ ನಿಮ್ಮ ಯಜಮಾನರ ಹೆಸರಿಲ್ಲವಲ್ಲ ಎಂದರು. ನೋಡಿದರೆ ಹೌದು, ನಿಮ್ಮ ಹೆಸರೇ ಇದೆ. ಇನ್ನೂ ಒಂದು ತೊಡಕು. ಕಾಗದದಲ್ಲಿ ಗಾಡಿ ಹಸಿರು ಎಂದಿದೆ. ನಮ್ಮದು ಕಪ್ಪು. ಬಣ್ಣದ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ.

ಕಾಗದದಲ್ಲಿ ಹೆಸರಿರುವವರು ಬರಬೇಕು, ಇಲ್ಲವೇ ಗಾಡಿ ಕೊಟ್ಟಿದ್ದು ನಿಜ, ಬಣ್ಣ ಬದಲಾಗಿದ್ದು ನಿಜ ಎಂದು ಬರೆದು ಸಹಿ ಹಾಕಿ ಕಳಿಸಬೇಕು. ಅಲ್ಲಿಯವರೆಗೆ ದೂರು ದಾಖಲಾಗುವುದಿಲ್ಲ. ದಾಖಲಾಗದೆ ಯಾರೂ ಹುಡುಕುವುದಿಲ್ಲ. ದಯವಿಟ್ಟು ಬರೆದು ಕೊಡಿ.

ಇವರೇ ಬರೆಯಬೇಕಾಗಿದ್ದ ಪತ್ರ ಇದು. ಇವರಿಂದ ಬರೆಯಲು ಆಗುವುದಿಲ್ಲ, ಆದ್ದರಿಂದ ನಾನು ಬರೆದೆ.

ನಾನು ಕ್ಷೇಮ. ನಿಮ್ಮ ಮಗಳನ್ನು ಕೇಳಿದೆನೆಂದು ಹೇಳಿ.

ಇಂತಿ,
ನಿಮ್ಮ ತಂಗಿಯಂಥವಳು


ಫೆಬ್ರವರಿ 12

ತಂಗೀ,

ಪತ್ರ ಬಂತು. ನಿನ್ನ ಅಕ್ಷರ ಚೆನ್ನಾಗಿದೆ. ಬರೆಯಬೇಕಾದವನ ಅಕ್ಷರ ಎಲ್ಲಿ?

ಬರೆಯಲು ಆಗುವುದಿಲ್ಲವಂತೆ. ಏನಾಗಿದೆ ಎಣ್ಣೆಡಬ್ಬಿಯ ಕೈಗೆ? ಕಾರ್ಖಾನೆಯಲ್ಲಿ ಅವನಿಗೆ ಆ ಹೆಸರಿಟ್ಟವನು ನಾನೇ, ಈಗಲೂ ಹಾಗೇ ಕರೆಯುತ್ತೇನೆ. ಊಟಕ್ಕೆ ಕೂತರೂ ಎಣ್ಣೆಡಬ್ಬಿ ತೊಡೆಯ ಮೇಲೆ. ಬಾಗಿಲು ಕಿರ್ ಎಂದರೆ ಎದ್ದು ಹೋಗಿ ಎರಡು ಹನಿ. ಅಂಥವನಿಗೆ ಒಂದು ಹಾಳೆ ಬರೆಯಲು ಕೈ ಬರುವುದಿಲ್ಲವೇ? ಕೈ ಅಲ್ಲ, ಜಂಬ ಅಡ್ಡ ಬಂದಿದೆ. ಹೆಂಡತಿಯನ್ನು ಮುಂದೆ ಬಿಟ್ಟು ಬಾಗಿಲ ಹಿಂದೆ ನಿಂತಿದ್ದಾನೆ.

ಹನ್ನೊಂದು ವರ್ಷ ಓಡಿಸಿದ ಗಾಡಿ ಅದು. ಹಸಿರು. ಒಂದು ಗೀರು ಬೀಳದ ಹಾಗೆ ನೋಡಿಕೊಂಡಿದ್ದೆ. ಕೊಟ್ಟು ತಿಂಗಳಾಗಿರಲಿಲ್ಲ, ಹೊಲಿಗೆ ಯಂತ್ರಕ್ಕೆ ಬಳಿಯುವ ಕಪ್ಪು ಬಣ್ಣ ಬಳಿದ. ಅಷ್ಟಕ್ಕೆ ಬಿಟ್ಟನೇ? ಎರಡೂ ಬದಿಗೆ ಚಿನ್ನದ ಬಣ್ಣದ ಬಳ್ಳಿ ಅಂಟಿಸಿದ. ನಾನು ಹೊರಡುವ ದಿನ ಅದನ್ನೇ ಓಡಿಸಿಕೊಂಡು ಬಸ್ಸಿನ ಹತ್ತಿರ ಬಂದ. ಇದಕ್ಕೆ ದಾರ ಎಲ್ಲಿ ಪೋಣಿಸ್ತೀಯೋ ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟ. ಅದೇ ಕೊನೆಯ ಮಾತು.

ಹೆಸರು ಬದಲಾಯಿಸಿಕೊಳ್ಳುವ ಅರ್ಜಿಯನ್ನೂ ಕಳಿಸಲಿಲ್ಲ, ಮಹಾಶಯ.

ನಾನು ಬರೆದು ಕೊಡುತ್ತೇನೆ. ಆದರೆ ಮೊದಲು ಅವನ ಕೈಯಿಂದ ಒಂದು ಸಾಲು ಬರಲಿ. ಬಣ್ಣ ಬಳಿದದ್ದು ತಪ್ಪಾಯಿತು ಎಂದು. ಒಂದೇ ಸಾಲು. ಅದು ಬಂದ ದಿನವೇ ನನ್ನದು ಅಂಚೆಗೆ ಬೀಳುತ್ತದೆ.

ಮಗಳು ಚೆನ್ನಾಗಿದ್ದಾಳೆ.

ಮೇಸ್ತ್ರಿ


ಫೆಬ್ರವರಿ 15

ಅಣ್ಣ,

ಇದನ್ನು ಅಂಚೆಗೆ ಹಾಕುವುದಿಲ್ಲ ಎಂದು ಬರೆಯಲು ಕೂತಾಗಲೇ ಗೊತ್ತು. ಇವರ ರಿಪೇರಿ ಪುಸ್ತಕದ ಕೊನೆಯಲ್ಲಿ ಖಾಲಿ ಹಾಳೆಗಳು ಉಳಿದಿವೆ. ದಿನವೂ ನಾಲ್ಕು ಸಾಲು ಬರೆಯುತ್ತೇನೆ. ಇವತ್ತಿನದು ನಿಮಗೆ.

ಅವರು ಇಲ್ಲ. ಹೋದ ಜುಲೈ ಹನ್ನೊಂದರಂದು ತೀರಿಕೊಂಡರು. ಯಾರದೋ ಮನೆಯಲ್ಲಿ ಯಂತ್ರ ಬಿಚ್ಚಿಟ್ಟುಕೊಂಡು ಕೂತಿದ್ದವರು ಎದೆ ಹಿಡಿದುಕೊಂಡರಂತೆ. ನಾನಿರುವ ಆಸ್ಪತ್ರೆಗೇ ತಂದಿದ್ದರು. ಕರೆಯಲು ಬಂದಾಗ ನಾನು ನೆಲಮಾಳಿಗೆಯಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದೆ. ಮೇಲೆ ಹೋಗುವಷ್ಟರಲ್ಲಿ ಹೊದಿಸಿಬಿಟ್ಟಿದ್ದರು. ಹೊದಿಕೆಯ ಅಂಚಿನಲ್ಲಿ ಒಂದು ತೇಪೆ ಇತ್ತು. ನಾನೇ ಹಾಕಿದ್ದು. ನನ್ನ ಹೊಲಿಗೆ ನನಗೆ ತಿಳಿಯುವುದಿಲ್ಲವೇ. ಮುಖಕ್ಕಿಂತ ಮೊದಲು ಅದನ್ನು ನೋಡಿದೆ.

ಸಾವನ್ನು ಬರೆದುಕೊಳ್ಳಲು ಆಸ್ಪತ್ರೆಯವರಿಗೆ ಹತ್ತು ನಿಮಿಷ ಸಾಕಾಯಿತು. ಬಣ್ಣ ಯಾವುದು, ಕಾಗದದಲ್ಲಿ ಯಾರ ಹೆಸರಿದೆ ಎಂದು ಯಾರೂ ಕೇಳಲಿಲ್ಲ.

ಗಾಡಿ ಓಡಿಸಲು ನನಗೆ ಬರುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುತ್ತಿದ್ದೆ. ನಿಂತೇ ಇದ್ದರೆ ಎಂಜಿನ್ ಹಿಡಿದುಕೊಳ್ಳುತ್ತದೆ ಎಂದು ಇವರು ಹೇಳುತ್ತಿದ್ದರು. ಮೂರು ಸಲ ಒದೆಯಬೇಕು, ನಾಲ್ಕನೆಯದಕ್ಕೆ ಹತ್ತಿಕೊಳ್ಳುತ್ತದೆ. ಹಾಲು ಉಕ್ಕುವವರೆಗೆ ಆ ಸದ್ದು ಮನೆಯೊಳಗೆ ಕೇಳುತ್ತಿತ್ತು. ಅಷ್ಟು ಹೊತ್ತು ಇವರು ಹೊರಗೆ ಹೊರಡಲು ನಿಂತಿದ್ದಾರೆ ಅಂತಲೇ ಅನಿಸುತ್ತಿತ್ತು. ಈಗ ಹಾಲು ಸದ್ದಿಲ್ಲದೆ ಉಕ್ಕುತ್ತದೆ.

ಇದನ್ನೆಲ್ಲ ಮೊದಲ ಪತ್ರದಲ್ಲೇ ಬರೆಯಬೇಕಿತ್ತು. ಬರೆಯಲು ಆಗುವುದಿಲ್ಲ ಎಂದು ಬರೆದು, ಮುಂದಿನ ಸಾಲು ಬರೆಯದೆ ಮಡಚಿಬಿಟ್ಟೆ. ನಿಮ್ಮ ಉತ್ತರ ಓದಿದ ಮೇಲೆ ಇನ್ನೂ ಕಷ್ಟವಾಗಿದೆ. ಬೀದಿಯವರು, ಜೊತೆ ಕೆಲಸದವರು, ಎಲ್ಲರೂ ಈಗ ಇವರನ್ನು ಒಳ್ಳೆಯವರು, ಪಾಪ ಎನ್ನುತ್ತಾರೆ. ಏಳು ತಿಂಗಳಲ್ಲಿ ಒಬ್ಬರೂ ಬೈದಿಲ್ಲ. ನೀವು ಬೈದಿದ್ದೀರಿ. ಬಾಗಿಲ ಹಿಂದೆ ನಿಂತಿದ್ದಾನೆ ಎಂದಿದ್ದೀರಿ. ಓದಿ, ಎದ್ದು ಹೋಗಿ ಬಾಗಿಲ ಹಿಂದೆ ನೋಡಿದೆ. ನನಗೇ ನಾಚಿಕೆಯಾಯಿತು.

ಭೂಮಿಯ ಮೇಲೆ ನಿಮ್ಮ ಮನೆಯೊಂದರಲ್ಲಿ ಅವರು ಇನ್ನೂ ಬದುಕಿದ್ದಾರೆ. ಅದನ್ನು ನಾನು ಹೇಗೆ ಕೆಡಿಸಲಿ.


ಫೆಬ್ರವರಿ 21

ಅಣ್ಣನವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಇವರ ಮುಂದೆ ಗಟ್ಟಿಯಾಗಿ ಓದಿದೆ. ಏನೂ ಹೇಳಲಿಲ್ಲ. ನಾನು ಒತ್ತಾಯ ಮಾಡಲಿಲ್ಲ.

ನಿನ್ನೆ ಅರ್ಧ ದಿನ ರಜೆ ಹಾಕಿ ಮತ್ತೆ ಠಾಣೆಗೆ ಹೋದೆ. ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತೆ. ಅಲ್ಲಿ ಒಂದು ಫ್ಯಾನು, ತಿರುಗುವಾಗ ಟಕ್ ಟಕ್ ಎನ್ನುತ್ತದೆ. ಎರಡು ಹನಿ ಎಣ್ಣೆಯ ಕೆಲಸ. ಹೇಳೋಣವೆಂದುಕೊಂಡು ಸುಮ್ಮನಾದೆ. ರೈಟರ್ ಕೆಟ್ಟವರೇನಲ್ಲ. ಅವರ ಮೇಜಿನ ಮೇಲೆ ಕಾಗದ ಎದೆಯವರೆಗೆ ಬಂದಿದೆ. ನನ್ನನ್ನು ನೋಡಿ ಕಣ್ಣುಜ್ಜಿಕೊಂಡು ಹೇಳಿದರು.

"ನೋಡಮ್ಮ, ಹಸಿರು ಗಾಡಿ ಇದೆ, ಅದು ಕಳುವಾಗಿಲ್ಲ. ಕಪ್ಪು ಗಾಡಿ ಕಳುವಾಗಿದೆ, ಅದು ಇಲ್ಲವೇ ಇಲ್ಲ. ನಾನು ಯಾವುದನ್ನ ಬರಕೊಳ್ಳಲಿ, ನೀವೇ ಹೇಳಿ."

"ಇದ್ದದ್ದನ್ನ ಬರಕೊಳ್ಳಿ ಸಾರ್."

"ಇದ್ದದ್ದು ಅಂತ ಎಲ್ಲಿದೆ? ಕಾಗದದಲ್ಲಿ ತೋರಿಸಿ."

ಚಿನ್ನದ ಬಳ್ಳಿ ಇರುವ ಕಪ್ಪು ಸ್ಕೂಟರು ಊರಿಗೆಲ್ಲ ಒಂದೇ, ಯಾರು ಕಂಡರೂ ಗುರುತು ಹಿಡಿಯುತ್ತಾರೆ ಎಂದೆ. ಹಾಗಾದರೆ ಕಂಡವರನ್ನು ಕರಕೊಂಡು ಬನ್ನಿ ಎಂದರು. ಅರ್ಜಿ ತಲುಪಿದೆ ಎಂದು ಒಂದು ಚೀಟಿ ಕೊಡುತ್ತೇನೆ, ಸದ್ಯಕ್ಕೆ ಇಟ್ಟುಕೊಳ್ಳಿ ಎಂದರು. ಚೀಟಿಗೆ ನಂಬರು ಇರುವುದಿಲ್ಲವಂತೆ. ಬೇಡವೆಂದು ಬಂದೆ.

ಗಾಡಿ ಸಿಗದಿದ್ದರೂ ಹೋಗಲಿ, ಅಣ್ಣ. ಅದು ಇತ್ತು, ಇವರದಾಗಿತ್ತು, ಯಾರೋ ತೆಗೆದುಕೊಂಡು ಹೋದರು ಎಂದು ಒಂದು ಕಡೆ ನಂಬರು ಹಾಕಿ ಬರೆದಿರಬೇಕು. ಇಷ್ಟೇ ನಾನು ಕೇಳುತ್ತಿರುವುದು. ನಿಮ್ಮ ಸಹಿ ಇಲ್ಲದೆ ಇದು ಆಗುವುದಿಲ್ಲ.

ಆ ಒಂದು ಸಾಲು ಬಿಟ್ಟು ಬೇರೆ ಏನು ಕೇಳಿದರೂ ಕಳಿಸುತ್ತೇನೆ.

ನಿಮ್ಮ ತಂಗಿ


ಮಾರ್ಚ್ 2

ತಂಗೀ,

ಏನೂ ಹೇಳಲಿಲ್ಲವೇ? ಅವನದು ಯಾವಾಗಲೂ ಇದೇ. ಕಾರ್ಖಾನೆಯಲ್ಲಿ ಒಮ್ಮೆ ಡ್ರಿಲ್ ಬಿಟ್ ಮುರಿದು ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮುರಿದದ್ದು ಅವನು, ಮಾತು ಬಿಟ್ಟಿದ್ದೂ ಅವನು. ನಾಲ್ಕನೆಯ ದಿನ ಬಂದು, ನಿನ್ನ ಮುಖ ನೋಡಲಾಗದೆ ಸುಮ್ಮನಿದ್ದೆ ಎಂದ. ಆಗ ನನಗೆ ಕಿವಿ ಕೇಳಿಸುತ್ತಿತ್ತು.

ಈಗ ನಾನು ಮಗಳ ಮನೆಯ ಮಹಡಿಯ ಕಿಟಕಿಯಲ್ಲಿ ಕೂತಿರುತ್ತೇನೆ. ಕೆಳಗೆ ರಸ್ತೆ. ಬಸ್ಸು, ಲಾರಿ, ಜಗಳ, ಎಲ್ಲ ಸದ್ದಿಲ್ಲದೆ ಹೋಗುತ್ತವೆ. ಇಲ್ಲಿ ನನ್ನನ್ನು ಯಾರೂ ಬೈಯುವುದೂ ಇಲ್ಲ. ಬೈದರೂ ಕೇಳಿಸುವುದಿಲ್ಲ ಎಂದು ಬಿಟ್ಟುಬಿಟ್ಟಿದ್ದಾರೆ. ಆದ್ದರಿಂದ ಅವನ ಒಂದು ಸಾಲಿಗೆ ನನಗೆ ಬೆಲೆ ಇದೆ. ಅವನಿಗೆ ಇದನ್ನು ಓದಿ ಹೇಳು.

ಒಂದು ಸಾಲು. ಮಾತು ಬದಲಿಸುವುದಿಲ್ಲ.

ಮೇಸ್ತ್ರಿ


ಮಾರ್ಚ್ 9

ಅಣ್ಣನವರಿಗೆ ನಮಸ್ಕಾರ.

ಓದಿ ಹೇಳಿದೆ.

ಮೂರನೆಯ ಸಲ ಠಾಣೆಗೆ ಹೋಗಿದ್ದೆ. ರೈಟರಿಗೂ ನನ್ನನ್ನು ನೋಡಿ ಸಾಕಾಗಿರಬೇಕು. ನಿಮ್ಮ ವಿಳಾಸ ಬರೆದುಕೊಂಡರು. ಅಲ್ಲಿನ ಠಾಣೆಗೆ ಅವರೇ ಕಾಗದ ಕಳಿಸುತ್ತಾರಂತೆ. ಅಲ್ಲಿಂದ ಪೇದೆಯೊಬ್ಬರು ನಿಮ್ಮ ಮನೆಗೆ ಬಂದು ಕೇಳಬಹುದು. ಗಾಬರಿ ಬೀಳಬೇಡಿ. ಮಗಳಿಗೂ ಮೊದಲೇ ಹೇಳಿಡಿ.

ಅವರು ಬರುವ ಮೊದಲು ನಿಮಗೆ ಒಂದು ವಿಷಯ ಹೇಳಬೇಕೆಂದು ಕೂತೆ. ಸಂಜೆಯಿಂದ ಕೂತಿದ್ದೇನೆ. ಪಕ್ಕದ ಮನೆಯಾಕೆ ಬಂದು, ಮೆಟ್ಟಿಲ ಹತ್ತಿರದ ಎಣ್ಣೆ ಕಲೆಯನ್ನು ಸೋಡಾ ಹಾಕಿ ಉಜ್ಜಿಬಿಡಲೇ ಎಂದು ಕೇಳಿದಳು. ಬೇಡ ಎಂದೆ. ಎಷ್ಟು ದಿನ ಹಾಗೇ ಬಿಡ್ತೀಯಾ ಎಂದಳು. ಗೊತ್ತಿಲ್ಲ ಎಂದೆ. ಇಷ್ಟೇ ವಿಷಯ.

ನಿಮ್ಮ ತಂಗಿ


ಏಪ್ರಿಲ್ 6

ತಂಗೀ,

ತಡವಾಯಿತು. ಮೈ ಸರಿ ಇರಲಿಲ್ಲ, ಈಗ ಪರವಾಗಿಲ್ಲ.

ಪೇದೆ ಬಂದಿದ್ದರು. ನಾನು ಹೇಳಬೇಕಾದ್ದನ್ನು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಅದು ನಿಮ್ಮ ಠಾಣೆಗೆ ಬರಲು ದಿನ ಹಿಡಿಯಬಹುದು. ನೀನು ಪದೇಪದೇ ರಜೆ ಹಾಕಿ ಅಲೆಯಬೇಡ, ಅವರೇ ಕರೆಯುತ್ತಾರೆ.

ಆ ಒಂದು ಸಾಲಿನ ಮಾತು ಬಿಟ್ಟುಬಿಡು. ಅವನ ಕೈಗೆ ವಿಶ್ರಾಂತಿ ಇರಲಿ. ಎಣ್ಣೆಡಬ್ಬಿಗೆ ಹೇಳು, ಬಣ್ಣ ಚೆನ್ನಾಗಿಯೇ ಇತ್ತು. ಬಸ್ಸಿನ ಕಿಟಕಿಯಿಂದ ತಿರುಗಿ ನೋಡಿದಾಗ ಬಿಸಿಲಿಗೆ ಆ ಬಳ್ಳಿ ಹೊಳೆಯುತ್ತಿತ್ತು. ಚೆನ್ನಾಗಿತ್ತು.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನೆಲಮಾಳಿಗೆಯಲ್ಲಿ ಕೆಲಸ ಎಂದಿದ್ದೆ. ಬೆಳಕು ಸಾಲದಿದ್ದರೆ ಕಣ್ಣು ಕೆಡುತ್ತದೆ. ಮೇಲ್ವಿಚಾರಕರಿಗೆ ಹೇಳಿ ಇನ್ನೊಂದು ದೀಪ ಹಾಕಿಸಿಕೋ.

ಆಗಾಗ ಬರೆಯುತ್ತಿರು.

ಮೇಸ್ತ್ರಿ ಅಣ್ಣ


ಏಪ್ರಿಲ್ 13

ಅಣ್ಣನವರಿಗೆ ನಮಸ್ಕಾರ.

ನಿಮ್ಮಿಂದ ದೊಡ್ಡ ಉಪಕಾರವಾಯಿತು. ಪತ್ರ ತಡವಾದಾಗ, ಕೋಪ ಇಮ್ಮಡಿಯಾಗಿದೆ ಎಂದುಕೊಂಡಿದ್ದೆ. ಪೇದೆ ಏನಾದರೂ ಹೆಚ್ಚು ಮಾತಾಡಿದರೇ ಎಂದೂ ಹೆದರಿದ್ದೆ. ಸದ್ಯ, ಸಹಿ ತೆಗೆದುಕೊಂಡು ಹೋಗಿದ್ದಾರೆ, ಅಷ್ಟೇ ಸಾಕು.

ನೆಲಮಾಳಿಗೆಯ ವಿಷಯ ನಿಮಗೆ ಯಾವಾಗ ಬರೆದಿದ್ದೆ ಎಂದು ನೆನಪಾಗಲಿಲ್ಲ. ಬರೆದಿರಬೇಕು. ಹೊಲಿಗೆಯ ಕೋಣೆ ಎಂದರೆ ನೆಲಮಾಳಿಗೆಯೇ ಅಲ್ಲವೇ ಎಲ್ಲ ಕಡೆ.

ಪತ್ರ ಗಟ್ಟಿಯಾಗಿ ಓದಿದೆ. ಬಣ್ಣ ಚೆನ್ನಾಗಿತ್ತು ಎಂಬ ಸಾಲನ್ನು ಎರಡು ಸಲ ಓದಿದೆ. ಆದರೆ ಒಂದು ಮಾತು ಹೇಳಿದರೆ ತಪ್ಪು ತಿಳಿಯಬೇಡಿ. ಈ ಸಲ ನೀವು ಬೈಯಲೇ ಇಲ್ಲ. ಸಪ್ಪೆ ಎನ್ನಿಸಿತು.

ನಿಮ್ಮ ತಂಗಿ


ಏಪ್ರಿಲ್ 20

ಲೋ ಎಣ್ಣೆಡಬ್ಬೀ,

ನಿನ್ನ ಹೆಂಡತಿ ನನ್ನ ಮೇಲೆ ದೂರು ಕೊಟ್ಟಿದ್ದಾಳೆ, ಬೈಯಲಿಲ್ಲವಂತೆ. ಠಾಣೆಯವರು ಬರೆದುಕೊಳ್ಳದಿದ್ದರೂ ನಾನು ಬರೆದುಕೊಂಡಿದ್ದೇನೆ. ತಗೋ.

ಸೋಮಾರಿ. ಹೇಳದೆ ಕೇಳದೆ ಹೊರಟುಬಿಡುವ ಚಾಳಿ ನಿನ್ನದು. ಊಟದ ಗಂಟೆ ಹೊಡೆಯುವ ಮೊದಲೇ ಕೈ ತೊಳೆದುಕೊಂಡು ನಿಲ್ಲುತ್ತಿದ್ದವನು ನೀನು. ಅರ್ಧ ಬಿಚ್ಚಿದ ಯಂತ್ರ ಹಾಗೇ ಬಿಟ್ಟು ಏಳುವುದು ಯಾವ ಕೆಲಸಗಾರನ ಲಕ್ಷಣ? ಉಳಿದದ್ದನ್ನು ಯಾರು ಜೋಡಿಸಬೇಕು? ನನ್ನ ಸ್ಪ್ಯಾನರು ಹದಿನಾಲ್ಕು ನಂಬರಿನದು ನಿನ್ನ ಹತ್ತಿರವೇ ಇದೆ, ಮರೆತಿಲ್ಲ. ನನಗಿಂತ ಐದು ವರ್ಷ ಚಿಕ್ಕವನು ನೀನು. ಸಾಲಿನಲ್ಲಿ ನಿಲ್ಲುವುದನ್ನು ಒಂದು ದಿನವೂ ಕಲಿಯಲಿಲ್ಲ.

ಬಂದಾಗ ವಿಚಾರಿಸಿಕೊಳ್ಳುತ್ತೇನೆ.

ತಂಗೀ, ಇದನ್ನು ಗಟ್ಟಿಯಾಗಿ ಓದು. ನಿಧಾನವಾಗಿ ಓದು.

ಮೇಸ್ತ್ರಿ


ಮೇ 8

ಅಣ್ಣ,

ನಿನ್ನೆ ಠಾಣೆಯಿಂದ ಕರೆ ಬಂತು. ದೂರು ದಾಖಲಾಯಿತು. ನಂಬರು ಕೊಟ್ಟಿದ್ದಾರೆ.

ರೈಟರ್ ಪೂರ್ತಿ ಓದಿ ಹೇಳಿದ ಮೇಲೆ ಸಹಿ ಹಾಕಬೇಕಂತೆ. ನನ್ನ ಅರ್ಜಿ ಓದಿದರು. ಆಮೇಲೆ ನಿಮ್ಮ ಹೇಳಿಕೆ ಓದಿದರು. ಮಾರ್ಚ್ ಹತ್ತೊಂಬತ್ತು ಎಂದು ತಾರೀಖಿತ್ತು. ಅವರು ಬೇಗ ಬೇಗ ಓದಿ ಮುಗಿಸುವವರಿದ್ದರು, ನಾನೇ ಕಾಗದ ಕೇಳಿ ತೆಗೆದುಕೊಂಡೆ. ನಿಮ್ಮ ಕೈಬರಹ. ಒಂದಿಷ್ಟು ಇಲ್ಲಿ ಬರೆಯುತ್ತೇನೆ. ನೀವು ಬರೆದದ್ದು ನಿಮಗೆ ಗೊತ್ತೇ ಇದೆ, ನನಗೆ ಇನ್ನೊಮ್ಮೆ ಬರೆಯಬೇಕೆನಿಸುತ್ತಿದೆ.

"ನನಗೆ ಕಿವಿ ಕೇಳಿಸದ ಕಾರಣ ಪೇದೆಯವರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ತೋರಿಸಿದರು. ನನ್ನ ಸ್ನೇಹಿತ ಹೋದ ವರ್ಷ ಜುಲೈನಲ್ಲಿ ತೀರಿಕೊಂಡಿದ್ದಾನೆಂದು ಆ ಚೀಟಿಯಿಂದ ಇವತ್ತು ತಿಳಿಯಿತು. ಗಾಡಿ ಅವನದು. ನಾನೇ ಕೊಟ್ಟಿದ್ದು. ಹೆಸರು ಬದಲಾಯಿಸುವ ಅರ್ಜಿಯನ್ನು ಅವನು ಎರಡು ಸಲ ಕಳಿಸಿದ್ದ. ನಾನು ಸಿಟ್ಟಿನಿಂದ ಸಹಿ ಹಾಕದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡೆ. ತಪ್ಪು ಅವನದಲ್ಲ. ಕಳುವಾದ ಗಾಡಿಯ ಬಣ್ಣ ಕಪ್ಪು. ಎರಡೂ ಬದಿಗೆ ಚಿನ್ನದ ಬಣ್ಣದ ಬಳ್ಳಿ ಇದೆ. ಹಸಿರು ಎಂದು ಎಲ್ಲಿದ್ದರೂ ಹೊಡೆದುಹಾಕಿ."

ನಾನು ಬೆಂಚಿನ ಮೇಲೆ ಕೂತೆ. ರೈಟರ್ ನೀರು ತರಿಸಿದರು. "ಇವರು ನಿಮಗೇನಾಗಬೇಕಮ್ಮ?" ಎಂದು ಕೇಳಿದರು. ಅಣ್ಣ ಎಂದೆ. ಸಂಬಂಧದ ಕಡೆ ಏನೋ ಬರೆದುಕೊಳ್ಳಲು ಹೋದವರು ಪೆನ್ನು ಕೆಳಗಿಟ್ಟರು.

ಅಂದರೆ ನಿಮಗೆ ಮಾರ್ಚ್ ಹತ್ತೊಂಬತ್ತರಿಂದಲೇ ಗೊತ್ತು. ಆಮೇಲೆ ಹದಿನೆಂಟು ದಿನ ನೀವು ಬರೆಯಲಿಲ್ಲ. ಹತ್ತೊಂಬತ್ತನೆಯ ದಿನ ಅವನ ಕೈಗೆ ವಿಶ್ರಾಂತಿ ಇರಲಿ ಎಂದು ಬರೆದಿರಿ. ನೀವು ಬೈಯಲಿಲ್ಲ ಎಂದು ನಾನು ಬರೆದದ್ದಕ್ಕೆ ಬೈದಿರಿ. ಅರ್ಧ ಬಿಚ್ಚಿದ ಯಂತ್ರ ಎಂದು ಬರೆದಿದ್ದೀರಲ್ಲ, ಅದನ್ನು ಅವತ್ತು ಗಟ್ಟಿಯಾಗಿ ಓದಿ ನಕ್ಕಿದ್ದೆ. ನಾನು ಹೇಳದೆ ಇದು ನಿಮಗೆ ಹೇಗೆ ಗೊತ್ತು ಎಂದು ಹೊಳೆಯಲೇ ಇಲ್ಲ. ಠಾಣೆಯ ಅರ್ಜಿಯಲ್ಲಿ ನಾನೇ ಬರೆದಿದ್ದೆ, ಗಾಡಿ ಇವರ ಹೆಸರಿಗೆ ಆಗುವ ಮೊದಲೇ ಇವರು ಹೀಗೆ ಹೀಗೆ ಹೋದರು ಎಂದು. ನೆಲಮಾಳಿಗೆಯೂ ಅದರಲ್ಲೇ ಇತ್ತು. ಪೇದೆ ನಿಮಗೆ ಅದನ್ನೂ ತೋರಿಸಿರಬೇಕು.

ನಾನು ಒಂದು ಸುಳ್ಳು ಇಟ್ಟುಕೊಂಡಿದ್ದೆ, ನೀವು ಎರಡು. ಫೆಬ್ರವರಿ ಹದಿನೈದರಂದು ಬರೆದು ಅಂಚೆಗೆ ಹಾಕದಿದ್ದ ಹಾಳೆಯನ್ನು ಇದರೊಳಗೆ ಇಟ್ಟಿದ್ದೇನೆ. ಓದಿ. ಹೆಚ್ಚು ಹೊತ್ತು ಓದಬೇಡಿ.

ಸಹಿ ಹಾಕಿದೆ. ನನ್ನ ಹೆಸರಿನ ಕೆಳಗೆ ಇವರ ಹೆಸರು, ಅದರ ಹಿಂದೆ ದಿವಂಗತ ಎಂದು ನನ್ನ ಕೈಯಿಂದಲೇ ಬರೆಯಬೇಕಿತ್ತು. ಬರೆದೆ. ಹತ್ತು ತಿಂಗಳಲ್ಲಿ ಮೊದಲ ಸಲ. ಬಣ್ಣದ ಮುಂದೆ ರೈಟರ್ ಕಪ್ಪು ಎಂದು ಬರೆದರು. ನಾನು ನೋಡುತ್ತಾ ನಿಂತಿದ್ದೆ. ಬಳ್ಳಿಯನ್ನು ಬರೆಯಲು ಜಾಗವಿರಲಿಲ್ಲ, ಅಂಚಿನಲ್ಲಿ ಸಣ್ಣದಾಗಿ ಬರೆದರು.

ಗಾಡಿ ಸಿಕ್ಕಿಲ್ಲ. ಸಿಗುತ್ತದೆ ಎಂದೂ ಅವರು ಹೇಳಲಿಲ್ಲ. ಹೊರಡುವಾಗ ಫ್ಯಾನಿನ ವಿಷಯ ಹೇಳಿದೆ. "ಎಣ್ಣೆ ಎಲ್ಲಿಂದ ತರೋದಮ್ಮ" ಎಂದರು. ನಾಳೆ ಕೆಲಸಕ್ಕೆ ಹೋಗುವಾಗ ಇವರ ಡಬ್ಬಿ ತೆಗೆದುಕೊಂಡು ಹೋಗುತ್ತೇನೆ. ಅದು ಗಾಡಿಯಲ್ಲಿರಲಿಲ್ಲ, ಮನೆಯಲ್ಲೇ ಇದೆ. ಹದಿನಾಲ್ಕು ನಂಬರಿನ ಸ್ಪ್ಯಾನರೂ ಸಿಕ್ಕಿತು. ಅದನ್ನು ಕಳಿಸುವುದಿಲ್ಲ, ನೀವೇ ಬಂದು ತೆಗೆದುಕೊಂಡು ಹೋಗಿ.

ಅಲ್ಲಿಯವರೆಗೆ ಬರೆಯುತ್ತಿರಿ. ಮೊದಲಿನ ಹಾಗೆ ಬೈದು ಬರೆಯಿರಿ. ಇನ್ನು ಅವರನ್ನು ಬೇಡ, ಅವರಿಗೆ ಕೇಳಿಸುವುದಿಲ್ಲ. ನನ್ನನ್ನು ಬೈಯಿರಿ.

ನಿಮ್ಮ ತಂಗಿ